ಕೊರಿಯದ ಬೆಚ್ಚನೆಯ ನೆಲ

ಒಲೆಯ ಮುಂದೆ ಕುಳಿತು ಚಳಿ ಕಾಯಿಸಿಕೊಳ್ಳುವುದು ಎಲ್ಲ ದೇಶದವರಿಗೂ ಗೊತ್ತು. ಒಲೆಯ ಮೇಲೆಯೇ ಹಾಸಿಗೆ ಹಾಸಿ ಮಲಗುವ ಜನರಿದ್ದಾರೆಂದರೆ ನಮಗೆ ಸೋಜಿಗವೆನಿಸೀತು. ಕೊರಿಯ ದೇಶದವರು ಬಹುಕಾಲದಿಂದ ಮಾಡಿಕೊಂಡು ಬಂದಿರುವುದು ಇದನ್ನೇ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆಯು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಯುವುದು ಅಪರೂಪವಲ್ಲದ ಆ ನಾಡಿನಲ್ಲಿ ಮನೆಯ ನೆಲವೇ ಒಲೆ. ಈ ಏರ್ಪಾಡಿಗೆ ‘ಒಂಡೋಲ್’ ಎಂದು ಹೆಸರು. ನೆಲದಡಿಯಲ್ಲಿ ಕಣ್ಣಿಗೆ ಮರೆಯಾಗಿರುವ ಈ ಏರ್ಪಾಡು ಕೆಟ್ಟಾಗ ದೋಷವನ್ನು ಪತ್ತೆ ಮಾಡುವುದು ಹೇಗೆ, ಯಾವ ದೋಷಕ್ಕೆ ಹೆಚ್ಚು ಅಂಜಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಳೆಯ ಒಂಡೋಲಿನ ರಚನೆ ಸರಳವಾದುದು. ಅಡಿಗೆಮನೆಯನ್ನು ಕೋಣೆಗಿಂತ ತಗ್ಗಿನಲ್ಲಿ ಕಟ್ಟಿ ಅಲ್ಲಿ ಒಲೆಯ ಬಾಯನ್ನು ಇಡುತ್ತಿದ್ದರು. ಹೊಗೆಯು ನೇರವಾಗಿ ಮೇಲಕ್ಕೇರದೆ, ಕೋಣೆಯ ಕೆಳಗೆ ಸಾಲಾಗಿ ಕಟ್ಟಿದ ಕಾಲುವೆಗಳಲ್ಲಿ ಹಾಯ್ದು, ಆಚೆ ಬದಿಯ ಹೊಗೆಗೂಡಿನಿಂದ ಹೊರಬೀಳುತ್ತಿತ್ತು. ಕಾಲುವೆಗಳ ಮೇಲೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಮಣ್ಣಿನ ಮೆತ್ತಿಗೆ, ಅದರ ಮೇಲೆ ಎಣ್ಣೆ ಸವರಿದ ಕಾಗದ. ಕಲ್ಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಆದ್ದರಿಂದ ಸಂಜೆ ಅನ್ನಕ್ಕೆ ಹಾಕಿದ ಉರಿಯೇ ರಾತ್ರಿಯ ನಿದ್ದೆಗೂ ಶಾಖವಾಗುತ್ತಿತ್ತು. ಒಲೆಗೆ ಹತ್ತಿರದ ಬೆಚ್ಚನೆಯ ಜಾಗ ಹಿರಿಯರಿಗೂ ಅತಿಥಿಗಳಿಗೂ ಮೀಸಲು.

ಈ ಒಲೆ ಕೆಟ್ಟರೆ ಹೊಗೆಯೇ ಸಾಕ್ಷಿ ನುಡಿಯುತ್ತಿತ್ತು. ಹೊಗೆಯು ಒಲೆಯ ಬಾಯಿಂದಲೇ ಹಿಂದಕ್ಕೆ ಬಂದರೆ ಹೊಗೆಗೂಡು ಕಟ್ಟಿದೆ, ಇಲ್ಲವೆ ಕಾಲುವೆಗಳಲ್ಲಿ ಬೂದಿ, ಮಸಿ ತುಂಬಿವೆ ಎಂದರ್ಥ. ಕೋಣೆಯೊಳಗೇ ಹೊಗೆ ಎದ್ದರೆ ಮೆತ್ತಿಗೆ ಬಿರುಕು ಬಿಟ್ಟಿದೆ. ನಮ್ಮ ಬಚ್ಚಲುಮನೆಯ ಹಂಡೆಯ ಒಲೆಯನ್ನು ಊದಿದವರಿಗೆ ಈ ಲಕ್ಷಣಗಳು ಹೊಸವಲ್ಲ. ಕಣ್ಣುರಿದು ಕೆಮ್ಮು ಬಂದ ಮೇಲೆ ಯಾರೂ ಮಲಗಿರಲಾರರು. ಹೊಗೆಯು ಕಾಟ ಕೊಡುತ್ತಿದ್ದರೂ ಕಾವಲನ್ನೂ ಕಾಯುತ್ತಿತ್ತು.

1950-53ರ ಯುದ್ಧದ ತರುವಾಯ ದಕ್ಷಿಣ ಕೊರಿಯದಲ್ಲಿ ಸೌದೆಯ ಸ್ಥಾನಕ್ಕೆ ಕಲ್ಲಿದ್ದಲು ಬಂದಿತು. ಇದ್ದಲಿನ ಪುಡಿಯನ್ನು ಒತ್ತಿ ಮಾಡಿದ, ಉದ್ದಕ್ಕೂ ತೂತುಗಳುಳ್ಳ ದುಂಡನೆಯ ಗಟ್ಟಿಗಳವು. ಅವು ಅಗ್ಗವಾಗಿದ್ದವು, ಗಂಟೆಗಟ್ಟಲೆ ಸಣ್ಣಗೆ ಉರಿಯುತ್ತಿದ್ದವು, ಸೌದೆಯಂತೆ ಹೊಗೆ ಕಾರುತ್ತಿರಲಿಲ್ಲ. ಆದರೆ ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಇದ್ದಲು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಹಿಂದೆ ಹೊಗೆ ಬರುತ್ತಿದ್ದ ಅದೇ ಬಿರುಕಿನಿಂದ ಈಗ ಕಾಣದ ವಿಷ ಬರತೊಡಗಿತು. ಚಳಿಗಾಲ ಬಂತೆಂದರೆ ಮಲಗಿದವರು ಮಲಗಿದಂತೆಯೇ ಸತ್ತ ಸುದ್ದಿಗಳು ಬರುತ್ತಿದ್ದವು. ತಲೆನೋವಿನಿಂದ ಎದ್ದವರಿಗೆ ಮೂಲಂಗಿ ಉಪ್ಪಿನಕಾಯಿಯ ತಣ್ಣನೆಯ ನೀರನ್ನು ಕುಡಿಸುವ ರೂಢಿಯಿತ್ತು. ಅದು ಮದ್ದಲ್ಲ, ಶುದ್ಧ ಗಾಳಿ ಮತ್ತು ಆಮ್ಲಜನಕವೇ ಮದ್ದು.

ಮುಂದೆ ಹೊಗೆಯ ಕಾಲುವೆಗಳ ಬದಲು ಬಿಸಿನೀರಿನ ಕೊಳವೆಗಳು ಬಂದವು. ಈಗ ಕೊರಿಯದ ಮನೆಗಳಲ್ಲಿ ಬಾಯ್ಲರು ನೀರನ್ನು ಕಾಯಿಸುತ್ತದೆ. ಪಂಪು ಅದನ್ನು ಗಾರೆಯೊಳಗೆ ಹುದುಗಿದ ಕೊಳವೆಯ ಸುರುಳಿಗಳಲ್ಲಿ ಹರಿಸುತ್ತದೆ. ಒಂದೊಂದು ಕೋಣೆಗೂ ಒಂದೊಂದು ಸುರುಳಿ. ಅವೆಲ್ಲಕ್ಕೂ ನೀರು ಹಂಚುವ ತೂಬುಗಳ ಸಾಲು ಸಾಮಾನ್ಯವಾಗಿ ಅಡಿಗೆಮನೆಯ ತೊಟ್ಟಿಯ ಕೆಳಗಿರುತ್ತದೆ. ಯೂರೋಪಿನಲ್ಲಿಯೂ ಇಂತಹ ನೆಲಗಳು ಬಳಕೆಯಲ್ಲಿವೆ. ಜನರು ಓಡಾಡುವ ಕಡೆ ನೆಲದ ಮೇಲ್ಮೈ 29 ಡಿಗ್ರಿ ಸೆಲ್ಸಿಯಸ್ಸನ್ನು ಮೀರಬಾರದೆಂದು ಅಲ್ಲಿಯ ಮಾನಕವು ವಿಧಿಸುತ್ತದೆ.

ಇಂತಹ ನೆಲ ತಣ್ಣಗಾದರೆ ಕೂಡಲೆ ಹಾರೆ ಹಿಡಿಯಬಾರದು. ಅಗೆಯುವುದು ಕಟ್ಟಕಡೆಯ ಕೆಲಸ. ಶಾಖವು ಬರುವ ದಾರಿಯನ್ನೇ ಹಿಡಿದು ಹುಡುಕಬೇಕು. ಎಲ್ಲ ಕೋಣೆಗಳೂ ತಣ್ಣಗಿದ್ದರೆ ದೋಷವು ಮೂಲದಲ್ಲಿದೆ: ಬಾಯ್ಲರನ್ನೂ ಪಂಪನ್ನೂ ನೋಡಬೇಕು. ಒಂದೇ ಕೋಣೆ ತಣ್ಣಗಿದ್ದರೆ ತೂಬುಗಳ ಬಳಿ ಹೋಗಿ, ಆ ಕೋಣೆಗೆ ನೀರು ಹೋಗುವ ಕೊಳವೆಯನ್ನೂ ಅಲ್ಲಿಂದ ಹಿಂತಿರುಗುವ ಕೊಳವೆಯನ್ನೂ ಮುಟ್ಟಿ ನೋಡಬೇಕು. ಎರಡೂ ತಣ್ಣಗಿದ್ದರೆ ನೀರು ಚಲಿಸುತ್ತಿಲ್ಲ. ತೂಬು ಸಿಕ್ಕಿಕೊಂಡಿದೆ, ಇಲ್ಲವೆ ಸುರುಳಿಯಲ್ಲಿ ಗಾಳಿ ಸೇರಿದೆ. ಗಾಳಿಯನ್ನು ಹೊರಬಿಟ್ಟರೆ ಸಾಕಾಗಬಹುದು. ಹೋಗುವುದು ಬಿಸಿಯಾಗಿದ್ದು ಬರುವುದು ಬಹಳ ತಣ್ಣಗಿದ್ದರೆ ಹರಿವು ಮಂದವಾಗಿದೆ. ಕೊಳವೆಯಲ್ಲಿ ಕೆಸರು ಕಟ್ಟಿರಬಹುದು, ಅಥವಾ ಹತ್ತಿರದ ಸುರುಳಿಗಳೇ ನೀರನ್ನೆಲ್ಲ ಎಳೆದುಕೊಳ್ಳುತ್ತಿರಬಹುದು. ಮೇಲಿನ ಗದ್ದೆಯವರು ತೂಬು ತುಸು ಮುಚ್ಚಿದ ಹೊರತು ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದು. ಇಲ್ಲಿಯೂ ಅದೇ ನ್ಯಾಯ. ಎರಡೂ ಬೆಚ್ಚಗಿದ್ದು ಕೋಣೆ ಮಾತ್ರ ತಣ್ಣಗಿದ್ದರೆ ದಪ್ಪ ಜಮಖಾನೆಯನ್ನೋ ಕಿಟಕಿಯ ಸಂದನ್ನೋ ದೂರಬೇಕು.

ನೀರು ಮುಚ್ಚಿದ ಕೊಳವೆಯಲ್ಲೇ ಸುತ್ತುವ ಏರ್ಪಾಡಿನಲ್ಲಿ ಒತ್ತಡದ ಮಾಪಕವೊಂದಿರುತ್ತದೆ. ನೀರು ತುಂಬಿಸಿದಷ್ಟೂ ಅದರ ಮುಳ್ಳು ಇಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆಯೆಂದು ಶಂಕಿಸಬೇಕು. ಸುರುಳಿಗಳನ್ನು ಒಂದೊಂದಾಗಿ ಬಂದ್ ಮಾಡುತ್ತ ಹೋದರೆ ಸೋರುವುದು ಯಾವುದೆಂದು ತಿಳಿಯುತ್ತದೆ. ಬಿಸಿನೀರು ಹರಿಯುವಾಗ ಶಾಖವನ್ನು ಚಿತ್ರಿಸುವ ಕ್ಯಾಮೆರದಿಂದ ನೋಡಿದರೆ ಸೋರುವ ಜಾಗವೂ ಹೆಚ್ಚಾಗಿ ಸಿಕ್ಕುತ್ತದೆ. ಆಗ ಅಗೆಯಬೇಕಾದುದು ಗೇಣಗಲ ನೆಲ, ಇಡೀ ಕೋಣೆಯಲ್ಲ.

ಇವೆಲ್ಲವೂ ಕಾಲಿಗೋ ಕೈಗೋ ಕಣ್ಣಿಗೋ ಗೊತ್ತಾಗುವ ದೋಷಗಳು. ಗೊತ್ತಾಗದಿರುವುದು ಬಾಯ್ಲರಿನ ಹೊಗೆಕೊಳವೆಯ ದೋಷ. 2018ರಲ್ಲಿ ದಕ್ಷಿಣ ಕೊರಿಯವು ಒಂಡೋಲ್ ಸಂಸ್ಕೃತಿಯನ್ನು ತನ್ನ ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕಾಲೇಜು ಪ್ರವೇಶ ಪರೀಕ್ಷೆ ಮುಗಿಸಿ ವಿಹಾರಕ್ಕೆ ಬಂದ ಹತ್ತು ಮಂದಿ ವಿದ್ಯಾರ್ಥಿಗಳು ಗಾಂಗ್‌ನುಂಗ್ ನಗರದ ತಂಗುಮನೆಯೊಂದರಲ್ಲಿ ಮಲಗಿದ್ದರು. ಬಾಯ್ಲರಿನಿಂದ ಹೊಗೆಕೊಳವೆ ಕಳಚಿಕೊಂಡಿತ್ತು. ಮೂವರು ಸತ್ತರು, ಏಳು ಮಂದಿ ಆಸ್ಪತ್ರೆ ಸೇರಿದರು. ಆ ಮನೆಯಲ್ಲಿ ಅನಿಲವನ್ನು ಗುರುತಿಸಿ ಕೂಗುವ ಎಚ್ಚರಿಕೆಯ ಸಾಧನವಿರಲಿಲ್ಲ. 2020ರಲ್ಲಿ ಹೊಸ ಗ್ಯಾಸ್ ಬಾಯ್ಲರುಗಳೊಡನೆ ಅಂತಹ ಸಾಧನವನ್ನು ಅಲ್ಲಿಯ ಸರ್ಕಾರ ಕಡ್ಡಾಯ ಮಾಡಿತು.

ಇಂಧನವು ಶುಭ್ರವಾದಂತೆಲ್ಲ ಬದುಕು ಸುಖಕರವಾಯಿತು, ಅಪಾಯವು ಮಾತ್ರ ಮೂಕವಾಯಿತು. ಹಿಂದೆ ಹೊಗೆ ಮಾಡುತ್ತಿದ್ದ ಕಾವಲನ್ನು ಇಂದು ಉಪಕರಣವೇ ಮಾಡಬೇಕಾಗಿದೆ. ವ್ಯಾಸಂಗಕ್ಕಾಗಿ ಚಳಿದೇಶಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಮಿತ್ರರು ಇದನ್ನು ನೆನಪಿನಲ್ಲಿಡಬೇಕು. ನೆಲ ತಣ್ಣಗಾದರೆ ಕಂಬಳಿ ಹೊದ್ದು ನಾಳೆಯವರೆಗೆ ಕಾಯಬಹುದು. ಆದರೆ ಬೆಚ್ಚನೆಯ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಒಂದು ನಿಮಿಷವೂ ಕಾಯಬಾರದು. ಮಲಗಿದವರನ್ನೆಬ್ಬಿಸಿ ಮೊದಲು ಹೊರಗಿನ ಗಾಳಿಗೆ ಬರಬೇಕು. ದೋಷವನ್ನು ಹುಡುಕುವುದು ಆಮೇಲೆ.