ಅಂಗಡಿಯವರು ಕಟ್ಟಿದ ಕಾರ್ಖಾನೆ

ಹಳೇ ಜಾವಾ ಗಾಡಿಯಲ್ಲಿ ಕಿಕ್ಕರ್ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಎಡಗಡೆ ಒಂದು ಗೇರ್ ಲಿವರ್ ಇದೆ, ಅಷ್ಟೆ. ಆ ಲಿವರನ್ನು ಇಂಜಿನ್ ಕಡೆಗೆ ಒಳಕ್ಕೆ ಒತ್ತಿ, ಹಾಗೇ ಮೇಲಕ್ಕೆತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಒದ್ದು ಗಾಡಿ ಸ್ಟಾರ್ಟ್ ಆಯಿತೋ, ಮತ್ತೆ ಮುಂದಕ್ಕೆ ತಂದು ಕೂರಿಸಿದರೆ ಪುನಃ ಗೇರ್. ಒಂದೇ ಕಬ್ಬಿಣದ ತುಂಡಿಗೆ ಎರಡು ನೌಕರಿ. ‘ಕಳ್ಳ ಕದ್ದರೂ ತಳ್ಕೊಂಡೇ ಹೋಗಬೇಕು ಸ್ವಾಮಿ, ಒದೆಯೋದು ಎಲ್ಲಿಗೆ ಅಂತ ಅವನಿಗೆ ತಿಳಿಯಬೇಕಲ್ಲ’ ಎಂದು ಮುಂಬೈಯ ವಿಕ್ರೋಳಿ ಪೂರ್ವದ ಕನ್ನಮ್‌ವಾರ್ ನಗರದ ಯಜಮಾನರೊಬ್ಬರು ನಗುತ್ತಾರೆ.

ಅವರ ಹೆಸರು ಬರೆಯುವಂತಿಲ್ಲ. ‘ಹೆಸರು ಹಾಕಿದರೆ ನಾಳೆಯಿಂದ ಬೀದಿಯಲ್ಲಿರೋ ಗಾಡಿಗಳೆಲ್ಲ ನನ್ನ ಬಾಗಿಲಿಗೆ ಬರ್ತವೆ’ ಎಂಬುದು ಷರತ್ತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದವರು, ಈಗ ಮಗಳ ಮನೆಯಲ್ಲಿದ್ದಾರೆ. ಮಗಳ ಸಂಸಾರದ ಜತೆ ಮುಂಬೈಗೆ ಬಂದದ್ದು ಒಂದು ಟ್ರಂಕು, ಒಂದು ಜಾವಾ. ಕಡುಗೆಂಪು ಬಣ್ಣ, ಟ್ಯಾಂಕಿನ ಎರಡೂ ಮಗ್ಗುಲಿಗೆ ಕ್ರೋಮಿಯಂ, ಅಂಚಿನಲ್ಲಿ ಚಿನ್ನದ ಬಣ್ಣದ ಎಳೆ, ಮಂಡಿ ತಾಗುವಲ್ಲಿ ರಬ್ಬರ್ ಪ್ಯಾಡು. ಆ ಚಿನ್ನದ ಎಳೆಯನ್ನು ಅವರೇ ಬ್ರಷ್ ಹಿಡಿದು ಮತ್ತೆ ಬರೆದಿದ್ದಾರೆ. ಟೇಪ್ ಅಂಟಿಸಿ ಎಳೆದ ಗೆರೆಯನ್ನು ದೂರದಿಂದಲೇ ಗುರುತಿಸಿ ಮುಖ ಸಿಂಡರಿಸುತ್ತಾರೆ.

ನಾನು ಕನ್ನಮ್‌ವಾರ್ ನಗರಕ್ಕೆ ಹೋದದ್ದು ಒಂದು ಹಳೆಯ ಮೋಟಾರ್ ಸೈಕಲ್ ಅಂಗಡಿಯ ಕಥೆ ಕೇಳಲು. ಯಜಮಾನರ ಪ್ರಕಾರ ಮೈಸೂರಿನ ಆ ಕಾರ್ಖಾನೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮುಂಬೈಯ ಒಂದು ಅಂಗಡಿಯಿಂದ ಶುರು ಮಾಡಬೇಕು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಎಂಬ ಒಂದೇ ಮನೆತನದವರು ಇಲ್ಲಿ ಐಡಿಯಲ್ ಮೋಟಾರ್ಸ್ ಹೆಸರಿನಲ್ಲಿ ಜಾವಾ ಗಾಡಿಗಳನ್ನು ಚೆಕೊಸ್ಲೊವಾಕಿಯಾದಿಂದ ತರಿಸಿ ಮಾರುತ್ತಿದ್ದರು. ಹಡಗಿನಲ್ಲಿ ಬಂದ ಗಾಡಿಯನ್ನು ಬಂದರಿನಿಂದ ಬಿಡಿಸಿಕೊಂಡು ಮಾರುವುದು, ಮಾರಿದ್ದನ್ನು ರಿಪೇರಿ ಮಾಡಿಕೊಡುವುದು. ಐವತ್ತರ ದಶಕದಲ್ಲಿ ಸರ್ಕಾರ ಆಮದಿನ ಬಾಗಿಲು ಮುಚ್ಚುತ್ತ ಬಂತು. ಮಾರಲು ಗಾಡಿ ಬೇಕೆಂದರೆ ಇಲ್ಲೇ ತಯಾರಿಸಬೇಕು. ಮದರಾಸಿನಲ್ಲಿ ಎನ್‌ಫೀಲ್ಡ್ ಆಗಲೇ ಬುಲೆಟ್ ಕಟ್ಟತೊಡಗಿತ್ತು. ಇರಾನಿಗಳು ಮೈಸೂರಿಗೆ ಹೋದರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ, 1961ರಲ್ಲಿ ಕಾರ್ಖಾನೆ. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್.

ಪಾರ್ಸಿ ಎಂದರೂ ಇರಾನಿ ಎಂದರೂ ನಮ್ಮವರಿಗೆ ಒಂದೇ. ಇಬ್ಬರೂ ಜರತುಷ್ಟ್ರನ ಅನುಯಾಯಿಗಳೇ ಹೌದು, ಆದರೆ ಪಾರ್ಸಿಗಳು ಬಂದ ಎಷ್ಟೋ ಶತಮಾನಗಳ ಮೇಲೆ ಇರಾನಿಗಳು ಬಂದವರು. ಮುಂಬೈ ಅವರನ್ನು ಬ್ರುನ್ ಮಸ್ಕಾ, ಚಹಾದ ಹೋಟೆಲುಗಳಿಂದ ಬಲ್ಲದು. ಮೈಸೂರು ಮೋಟಾರ್ ಸೈಕಲಿನಿಂದ.

ಅಂಗಡಿ ನಡೆಸಿದವರು ಕಾರ್ಖಾನೆ ಕಟ್ಟಿದರೆ ಏನು ವ್ಯತ್ಯಾಸ? ಯಜಮಾನರ ಉತ್ತರ ತಯಾರಿದೆ. ‘ಗಿರಾಕಿ ಯಾತಕ್ಕೆ ವಾಪಸ್ ಬರ್ತಾನೆ, ಯಾವ ಪಾರ್ಟ್ ಮೊದಲು ಸವೆಯತ್ತೆ, ಅಂಗಡಿಯೋನಿಗೆ ಗೊತ್ತಿರತ್ತೆ. ನಕ್ಷೆ ಬರೆಯೋ ಇಂಜಿನಿಯರಿಗೆ ಗೊತ್ತಿರಲ್ಲ.’ ಇದು ನೌಕರನ ಅಭಿಮಾನದ ಮಾತು. ಆದರೂ ಗಾಡಿಯನ್ನು ನೋಡಿದರೆ ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಮೊದಮೊದಲು ಬಿಡಿಭಾಗಗಳು ಚೆಕೊಸ್ಲೊವಾಕಿಯಾದಿಂದ ಬರುತ್ತಿದ್ದವು, ಮೈಸೂರಿನಲ್ಲಿ ಜೋಡಣೆ. ಕ್ರಮೇಣ ಒಂದೊಂದಾಗಿ ಇಲ್ಲೇ ತಯಾರಾದವು. 1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಟ್ಯಾಂಕಿನ ಆಕಾರ, ಸೀಟು, ಬಣ್ಣ ಬದಲಾದವು. 1978ರ ಸುಮಾರಿಗೆ ರೋಡ್‌ಕಿಂಗ್ ಬಂತು, ಆಮೇಲೆ ಎರಡು ಸಿಲಿಂಡರಿನ 350 ಬಂತು. ಆದರೆ ಊರೂರು ತುಂಬಿದ 250 ಸಿಸಿಯ ಆ ಇಂಜಿನ್‌ನ ಬುಡ ಹಾಗೇ ಉಳಿಯಿತು: ಒಂದೇ ಸಿಲಿಂಡರ್, ಎರಡು ಸ್ಟ್ರೋಕು, ಆ ಒಂದು ಸಿಲಿಂಡರಿನಿಂದಲೇ ಹೊರಡುವ ಎರಡು ಸೈಲೆನ್ಸರ್, ನಾಲ್ಕು ಗೇರು.

ಆ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ‘ಆಯಿಲ್ ಎಷ್ಟು ಹಾಕ್ಲಿ?’ ಎಂದು ಹುಡುಗ ಕೇಳುತ್ತಿದ್ದ ಕಾಲ ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹಿಂದೆ ಬರುವವನಿಗೆ ದಾರಿ ಕಾಣುವುದಿಲ್ಲ. ಸುಟ್ಟ ಎಣ್ಣೆಯ ಮಸಿ ಸಿಲಿಂಡರಿನ ಬಾಯಲ್ಲೂ ಸೈಲೆನ್ಸರಿನ ಒಳಗೂ ಕಟ್ಟಿಕೊಂಡು ಗಾಡಿ ಏದುಸಿರು ಬಿಡತೊಡಗುತ್ತದೆ. ಆಗ ಸೈಲೆನ್ಸರಿನ ಬಾಲದ ಸ್ಕ್ರೂ ಬಿಚ್ಚಿ, ಒಳಗಿನ ತೂತುಗಳ ಕೊಳವೆಯನ್ನು ಎಳೆದು, ಬೆಂಕಿಗೆ ಹಿಡಿದು ಮಸಿ ಸುಡಬೇಕು. ನಾನು ಹೋದ ದಿನ ಯಜಮಾನರು ಅದೇ ಕೆಲಸದಲ್ಲಿದ್ದರು. ಕೊಳವೆ ಕೆಂಪಗೆ ಕಾದಾಗ ಇಕ್ಕುಳದಿಂದ ಎತ್ತಿ ಕಲ್ಲಿನ ಮೇಲೆ ನಿಧಾನಕ್ಕೆ ಬಡಿದರು, ಕರಿ ಹಕ್ಕಳೆಗಳು ಉದುರಿದವು. ಒಂದೊಂದು ತೂತಿಗೂ ಸೈಕಲ್ ಕಡ್ಡಿ ತೂರಿಸಿ ನೋಡಿ ‘ಉಸಿರಾಡ್ತಿದೆ’ ಎಂದರು. ಮಹಡಿಯಿಂದ ಯಾರೋ ಮರಾಠಿಯಲ್ಲಿ ಹೊಗೆಯ ಬಗ್ಗೆ ರೇಗಿದರು. ಇವರು ಮರಾಠಿಯಲ್ಲೇ ಸಮಾಧಾನ ಹೇಳಿದರು. ಅದು ನಿತ್ಯದ ಮಾತುಕತೆ ಇರಬೇಕು, ಇಬ್ಬರ ದನಿಯಲ್ಲೂ ಸಿಟ್ಟಿರಲಿಲ್ಲ.

ಆಮೇಲೆ ಪಾಯಿಂಟ್. ಕಿಡಿ ಹಾರಿಸುವ ಆ ಎರಡು ತುಟಿಗಳ ನಡುವೆ ಅರ್ಧ ಮಿಲಿಮೀಟರಿಗೂ ಕಡಿಮೆ ಸಂದು ಇರಬೇಕು. ಅಳೆಯಲು ಫೀಲರ್ ಗೇಜ್ ಇದೆ. ಇವರು ಮೊದಲು ಕಣ್ಣಿನಲ್ಲಿ ಅಳೆದು ಕೂರಿಸುತ್ತಾರೆ, ಆಮೇಲೆ ಗೇಜ್ ತೂರಿಸಿ ನನಗೆ ತೋರಿಸುತ್ತಾರೆ. ಸರಿಯಾಗಿರುತ್ತದೆ. ಕಾರ್ಬೊರೇಟರಿನ ಬಗ್ಗೆ ಕೇಳಿದರೆ ‘ಅದೇನು, ಬಿಚ್ಚಿ ತೊಳೆದರಾಯ್ತು’ ಎಂದು ಮುಗಿಸಿಬಿಟ್ಟರು. ಕ್ಲಚ್ಚಿನ ಬಗ್ಗೆ ಮಾತ್ರ ಗಂಟೆಗಟ್ಟಲೆ ಹೇಳಬಲ್ಲರು. ಜಾವಾದಲ್ಲಿ ಎಡಗೈ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು, ಕಾಲಿನಲ್ಲಿ ಲಿವರ್ ಒತ್ತಿದೊಡನೆ ಒಳಗೆ ಕ್ಲಚ್ ತಾನಾಗಿ ಬಿಡುತ್ತದೆ. ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಗದ ಸಂಜೆಯ ದಟ್ಟಣೆಯಲ್ಲಿ ಈ ಒಂದು ಸೌಕರ್ಯಕ್ಕಾಗಿಯೇ ಇದನ್ನು ಕೊಂಡಾಡಬಹುದು. ಚೈನು ಪೂರ್ತಿ ಪೆಟ್ಟಿಗೆಯೊಳಗಿದೆ. ಮುಂಬೈ ಮಳೆಯ ಕೊಚ್ಚೆ ಅದಕ್ಕೆ ತಾಗುವುದಿಲ್ಲ. ಕೊರತೆಯೂ ಉಂಟು: ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆ, ಹೆಡ್‌ಲೈಟಿನ ಬೆಳಕು ಮಂದ. ರಾತ್ರಿ ಓಡಿಸುವುದಿಲ್ಲ.

ರೇಸಿನ ಮಾತು ತೆಗೆದದ್ದು ನಾನು. ಜಾವಾ ರೇಸಿನ ಮನೆತನದ ಗಾಡಿ. 1929ರಲ್ಲಿ ಪ್ರಾಗ್ ನಗರದಲ್ಲಿ ಮದ್ದುಗುಂಡಿನ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ಶುರು ಮಾಡಿದ ಕಂಪನಿ ಅದು. 1961ರಲ್ಲಿ, ಮೈಸೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷವೇ, ಚೆಕ್ ಸವಾರ ಫ್ರಾಂಟಿಶೆಕ್ ಶ್ಟಾಸ್ನಿ ಜಾವಾ ಹತ್ತಿ 350 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವನಾದ. 1969ರಲ್ಲಿ ಇಂಗ್ಲೆಂಡಿನ ಹೆಸರಾಂತ ಸವಾರ ಬಿಲ್ ಐವಿ ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಜಾವಾ ಓಡಿಸುವಾಗ ಬಿದ್ದು ಸತ್ತ. ಸ್ಪೀಡ್‌ವೇ ಎಂಬ ಮಣ್ಣಿನ ಓಟದಲ್ಲಂತೂ ಆಗ ಜಾವಾದ್ದೇ ದರ್ಬಾರು. ಆ ಗಾಡಿಗಳಿಗೆ ಬ್ರೇಕೇ ಇರುವುದಿಲ್ಲ. ನಮ್ಮಲ್ಲಿ ರೇಸೆಂದರೆ ಮದರಾಸಿನ ಹತ್ತಿರದ ಶೋಲವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ಅಲ್ಲಿ ವರ್ಷವರ್ಷ ಓಟ ನಡೆಯುತ್ತಿತ್ತು. ಮೈಸೂರಿನಿಂದ ಹೋಗಿ ಬುಲೆಟ್ಟುಗಳ ನಡುವೆ ಯೆಜ್ಡಿಗಳನ್ನು ನೋಡಿ ಬಂದವರಲ್ಲಿ ಯಜಮಾನರೂ ಒಬ್ಬರು. ಯಾರು ಗೆದ್ದರು ಎಂದರೆ ನೆನಪಿಲ್ಲ. ನೆನಪಿರುವುದು ವಾಸನೆ. ಹರಳೆಣ್ಣೆ ಬೆರೆಸಿದ ಪೆಟ್ರೋಲು ಸುಡುವ ಆ ವಾಸನೆಯನ್ನು ಅವರು ಕಣ್ಣು ಮುಚ್ಚಿ ವಿವರಿಸುತ್ತಾರೆ. ರೇಸಿನ ಇಂಜಿನ್ನಿಗೆ ಹರಳೆಣ್ಣೆ ಬೆರೆಸುವುದು ಆಗ ಹಲವು ದೇಶಗಳಲ್ಲಿ ಇದ್ದ ಪದ್ಧತಿ.

ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಒಂದರ ಹಿಂದೊಂದು ಬಂದವು: ಇಂಡ್-ಸುಜುಕಿ, ಹೀರೊ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಹಗುರ, ಹೆಚ್ಚು ಮೈಲೇಜು. ಹೊಗೆಯ ಕಾನೂನೂ ಬಿಗಿಯಾಗುತ್ತ ಹೋಯಿತು. ಮೈಸೂರಿನ ಗಾಡಿ ಬದಲಾಗಲಿಲ್ಲ. 1996ರಲ್ಲಿ ಯಾದವಗಿರಿಯ ಬಾಗಿಲು ಬಿತ್ತು.

ವಿಕ್ರೋಳಿಯಲ್ಲಿ ಕೂತು ಈ ಕಥೆ ಕೇಳುವಾಗ ಇನ್ನೊಂದು ಮನೆತನ ನೆನಪಾಗದಿರದು. ಪಿರೋಜ್‌ಶಾ ಗೋದ್ರೆಜ್ ಇಲ್ಲಿನ ಜಮೀನು ಕೊಂಡದ್ದು 1943ರಲ್ಲಿ. ದೇಶದ ಮೊದಲ ಮಹಾಚುನಾವಣೆಯ ಮತಪೆಟ್ಟಿಗೆಗಳು ಇಲ್ಲಿ ತಯಾರಾದವು, 1955ರಲ್ಲಿ ಟೈಪ್‌ರೈಟರ್ ಬಂತು. ಟೈಪ್‌ರೈಟರಿನ ಕಾಲ ಮುಗಿದಾಗ ಗೋದ್ರೆಜ್ ಅದನ್ನು ನಿಲ್ಲಿಸಿ ಬೇರೆಯದನ್ನು ಮಾಡಿತು. ಇರಾನಿಗಳ ಬಳಿ ಇದ್ದದ್ದು ಗಾಡಿಯೊಂದೇ. ಬದಲಾಗದೆ ಉಳಿದ ಗಾಡಿ ಕಂಪನಿಯನ್ನು ಮುಳುಗಿಸಿತು ಎಂದು ವ್ಯಾಪಾರದ ಪಾಠ ಹೇಳುವವರು ಹೇಳಲಿ, ತಪ್ಪೇನಿಲ್ಲ. ಆದರೆ ಆ ಗಾಡಿ ಇಂದಿಗೂ ರಸ್ತೆಯಲ್ಲಿರಲು ಕಾರಣವೂ ಅದೇ. ಅರವತ್ತರ ದಶಕದ ಜಾವಾಕ್ಕೆ ಎಂಬತ್ತರ ಯೆಜ್ಡಿಯ ಎಷ್ಟೋ ಭಾಗ ಕೂರುತ್ತದೆ. ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಊರೂರ ಮೆಕ್ಯಾನಿಕ್ಕುಗಳು, ಬಿಡಿಭಾಗದ ಅಂಗಡಿಯವರು ಒಂದನ್ನು ಕೊಯ್ದು ಇನ್ನೊಂದನ್ನು ಬದುಕಿಸುತ್ತ ಬಂದರು. ಯಜಮಾನರು ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಸಾಲಿನಲ್ಲೂ ಚೋರ್ ಬಜಾರಿನಲ್ಲೂ ಶುಕ್ರವಾರ ಬಿಟ್ಟು ಉಳಿದ ದಿನ ಅಲೆಯುತ್ತಾರೆ. ಅಂಗಡಿಯಿಂದ ಶುರುವಾದದ್ದು ಅಂಗಡಿಗೇ ಬಂದು ನಿಂತಿದೆ.

ಈಗಿನ ತೊಡಕುಗಳು ಬೇರೆ ಥರ. 2021ರಿಂದ ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಂಟೇಜ್’ ನೋಂದಣಿ ಉಂಟು. ಶುಲ್ಕ 20,000 ರೂಪಾಯಿ, ನವೀಕರಣಕ್ಕೆ 5,000. ಹಾಗೆ ನೋಂದಾಯಿಸಿದರೆ ಮೆರವಣಿಗೆ, ಪ್ರದರ್ಶನಕ್ಕೆ ಒಯ್ಯಬಹುದು, ದಿನಾ ಓಡಿಸುವಂತಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಕಾರ್ಯಕ್ರಮ ನೋಡಲು ಜಾವಾದಲ್ಲೇ ಹೋಗುವ ಇವರಿಗೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಫಿಟ್‌ನೆಸ್ ಪರೀಕ್ಷೆ, ಹಸಿರು ತೆರಿಗೆ, ವಡಾಳದ ಆರ್‌ಟಿಒ ಸಾಲು. ಹಳೆಯ ಮೈಸೂರು ರಾಜ್ಯದ ನಂಬರ್ ಹೋಗಿ ಎಂಎಚ್-03 ಬಂದದ್ದು ಅವರಿಗೆ ಎಲ್ಲ ತೆರಿಗೆಗಿಂತ ದೊಡ್ಡ ನಷ್ಟ. ಮೇಲಿಂದ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು. ಅದು ಹಳೆಯ ರಬ್ಬರ್ ವಾಷರುಗಳನ್ನು ತಿನ್ನುತ್ತದೆ, ನೀರು ಹೀರುತ್ತದೆ, ನಿಲ್ಲಿಸಿಟ್ಟ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ‘ಅದಕ್ಕೇ ನಿಲ್ಲಿಸಬಾರದು, ಓಡಿಸ್ತಾನೇ ಇರಬೇಕು’ ಎನ್ನುತ್ತಾರೆ.

2018ರ ನವೆಂಬರಿನಲ್ಲಿ ಮಹೀಂದ್ರದ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. ಅದರ ಪಾಲುದಾರರಲ್ಲಿ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯೂ ಇದ್ದಾರೆ. 2022ರಲ್ಲಿ ಯೆಜ್ಡಿಯೂ ಬಂತು. ಆ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಹೊಸ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ನಾಲ್ಕು ಸ್ಟ್ರೋಕು, ನೀರಿನಿಂದ ತಣಿಯುವ ಇಂಜಿನ್ನು. ಯಜಮಾನರು ಶೋರೂಮಿಗೆ ಹೋಗಿ ನೋಡಿ ಬಂದಿದ್ದಾರೆ. ‘ಚೆನ್ನಾಗಿದೆ’ ಎಂದರು. ಸ್ವಲ್ಪ ತಡೆದು, ‘ಕಿಕ್ಕರ್ರೇ ಇಲ್ಲ’ ಎಂದರು.

ನನ್ನ ಕಳಕಳಿ ಬೇರೆ. ಮೂವತ್ತೈದು ವರ್ಷ ಮೈಸೂರಿನ ಮನೆಮನೆಗೆ ಸಂಬಳ ತಂದ ಆ ಕಾರ್ಖಾನೆಯ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಬಹುಪಾಲು ಇಂಥ ಹಿರಿಯರ ಕೈಯಲ್ಲಿ, ಬಾಯಲ್ಲಿ ಮಾತ್ರ ಇದೆ. ಹೊಸ ಕಂಪನಿ ಹೆಸರನ್ನು ಮರಳಿ ತಂದಿದೆ, ಆ ಕೈಗಳ ವಿದ್ಯೆಯನ್ನು ದಾಖಲಿಸಬೇಕಾದವರು ನಾವು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಬೆಂಗಳೂರು ಸೇರಿದಂತೆ ಹಲವು ಊರುಗಳಲ್ಲಿ ಗಾಡಿಗಳ ಜಾತ್ರೆ ನೆರೆಯುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ ಐಡಿಯಲ್ ಜಾವಾದ ಸರ್ವೀಸ್ ಪುಸ್ತಕ, ಬಿಡಿಭಾಗಗಳ ಪಟ್ಟಿ, ಅಪ್ಪನೋ ಮಾವನೋ ಸಾಲಿನಲ್ಲಿ ನಿಂತ ಕಾರ್ಮಿಕರ ಫೋಟೊ ಇದ್ದರೆ ರದ್ದಿಗೆ ಹಾಕಬೇಡಿ. ಹಿಂಬದಿಯಲ್ಲಿ ಹೆಸರುಗಳನ್ನು ಬರೆದು, ಆ ಭಾನುವಾರ ಅಲ್ಲಿಗೆ ತೆಗೆದುಕೊಂಡು ಹೋಗಿ ಯಾರಿಗಾದರೂ ಪ್ರತಿ ಮಾಡಿಕೊಳ್ಳಲು ಕೊಡಿ.