ಆಟದ ಲ್ಯಾಪ್‌ಟಾಪು ಓದಿಗೆ ಬೇಕೆ?

ಸಿಇಟಿಯಲ್ಲಿ ಸೀಟು ಗೊತ್ತಾದ ಮೇಲೆ ಮಕ್ಕಳು ಮುಂದಿಡುವ ಮೊದಲ ಬೇಡಿಕೆ ಲ್ಯಾಪ್‌ಟಾಪು. ಅದರಲ್ಲೂ ‘ಗೇಮಿಂಗ್ ಲ್ಯಾಪ್‌ಟಾಪು’. ಓದಲು ಹೊರಟವನಿಗೆ ಆಟದ ಯಂತ್ರವೇಕೆಂದು ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಕಡಲೆ, ಹೆಸರು, ಉಳ್ಳಾಗಡ್ಡಿ ಬೆಳೆಯುವ ಮನೆಗಳಿಗೂ ಇದೇ ಪ್ರಶ್ನೆ. ಆ ಕಡೆಯ ಮಕ್ಕಳೂ ನಮ್ಮ ಶಿರಸಿ, ಯಲ್ಲಾಪುರದ ಮಕ್ಕಳೂ ಹುಬ್ಬಳ್ಳಿಯ ಕಾಲೇಜುಗಳಲ್ಲಿ ಒಂದೇ ಬೆಂಚಿನ ಮೇಲೆ ಕೂಡುವವರಾದ್ದರಿಂದ ಬಯಲುಸೀಮೆಯ ಲೆಕ್ಕವನ್ನು ನಾವೂ ನೋಡುವುದು ಒಳ್ಳೆಯದು.

ಅಗ್ಗದ್ದೆನ್ನುವ ಗೇಮಿಂಗ್ ಲ್ಯಾಪ್‌ಟಾಪಿಗೂ ಸುಮಾರು 65 ಸಾವಿರ ರೂಪಾಯಿ ಬೇಕು. 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕಡಲೆಯ ಬೆಂಬಲ ಬೆಲೆ ಕ್ವಿಂಟಾಲಿಗೆ 5,650 ರೂಪಾಯಿ. ಆ ದರದಲ್ಲಿ ಇದು ಹನ್ನೊಂದೂವರೆ ಕ್ವಿಂಟಾಲ್ ಕಡಲೆ! ಮಳೆ ನಂಬಿದ ಎರೆಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಾಲ್ ಬಂದರೆ ಒಳ್ಳೆಯ ಬೆಳೆ. ಅಂದರೆ ಎರಡೂವರೆ ಎಕರೆಯ ಫಸಲು, ಬೀಜ-ಗೊಬ್ಬರದ ಖರ್ಚು ಕಳೆಯುವ ಮೊದಲೇ, ಒಂದು ಪೆಟ್ಟಿಗೆಯೊಳಗೆ ಹೋಯಿತು. ನಮಗೆ ಅಡಿಕೆಯಲ್ಲಿ ಲೆಕ್ಕ ಹಾಕಿಕೊಳ್ಳುವುದು ಕಷ್ಟವೇನಲ್ಲ.

ಈ ಯಂತ್ರದ ವಿಶೇಷವೆಂದರೆ ಚಿತ್ರಗಳ ಕೆಲಸಕ್ಕೆಂದೇ ಬೇರೆ ಚಿಪ್ಪು ಮತ್ತು ಅದಕ್ಕೆ ಪ್ರತ್ಯೇಕ ಮೆಮೊರಿ ಇರುವುದು. ಆಟಕ್ಕೆಂದು ಮಾಡಿದ ಈ ಚಿಪ್ಪೇ ಮೆಕ್ಯಾನಿಕಲ್ ವಿದ್ಯಾರ್ಥಿಯ ಸಾಲಿಡ್‌ವರ್ಕ್ಸ್, ವಾಸ್ತುಶಿಲ್ಪದವರ ಮೂರು ಆಯಾಮದ ನಕ್ಷೆ, ವಿಡಿಯೊ ಸಂಕಲನ, ಕೃತಕ ಬುದ್ಧಿಮತ್ತೆಯ ಪ್ರಯೋಗಗಳಿಗೂ ನೆರವಾಗುತ್ತದೆ. ಅಂಥ ಓದಿನವರು ಕೇಳಿದರೆ ಬೈಯಬೇಕಾಗಿಲ್ಲ. ಬಿ.ಕಾಂ., ಬಿ.ಎ., ಬಿ.ಎಸ್ಸಿ. ಕೃಷಿ ಓದುವವರಿಗೆ, ಕಂಪ್ಯೂಟರ್ ವಿಭಾಗದಲ್ಲಿ ಮೊದಲ ಎರಡು ವರ್ಷ ಪ್ರೋಗ್ರಾಮ್ ಬರೆಯುವವರಿಗೆ ನಲವತ್ತು-ನಲವತ್ತೈದು ಸಾವಿರದ ಸಾದಾ ಲ್ಯಾಪ್‌ಟಾಪು ಧಾರಾಳ ಸಾಕು. ಪಹಣಿ ನೋಡಲು, ಪೇಟೆ ಧಾರಣೆ ತಿಳಿಯಲು ಅದೂ ಬೇಡ, ಕೈಯಲ್ಲಿರುವ ಫೋನೇ ಸಾಕು.

ಕೊಳ್ಳುವುದೇ ಆದರೆ 16 ಜಿಬಿ ರ‍್ಯಾಮ್ ಇರಲಿ. 8 ಇದ್ದರೆ ಮುಂದೆ ಸೇರಿಸಲು ಜಾಗ ಉಂಟೇ ಎಂದು ಕೇಳಬೇಕು. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ಪನ್ನು ಒಂದು ಕಂಪನಿ ಕಡಿಮೆ ವ್ಯಾಟಿಗೂ ಇನ್ನೊಂದು ಹೆಚ್ಚು ವ್ಯಾಟಿಗೂ ಹೊಂದಿಸಿ ಮಾರುತ್ತವೆ. ಕೆಲಸದ ವೇಗದಲ್ಲಿ ಅಂತರ ಬಹಳ. ಅಂಗಡಿಯವನು ಇದನ್ನು ತಾನಾಗಿ ಹೇಳುವುದು ಅಪರೂಪ.

ತೂಕ ಸಾದಾ ಲ್ಯಾಪ್‌ಟಾಪಿಗಿಂತ ಹೆಚ್ಚು, ಚಾರ್ಜರಿನದು ಬೇರೆ. ಗದಗಿಗೋ ಹುಬ್ಬಳ್ಳಿಗೋ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿಯ ಬೆನ್ನಿಗೆ ಇದು ಹೊರೆಯೇ. ಬ್ಯಾಟರಿಯ ಮೇಲೆ ಭಾರೀ ಕೆಲಸ ಒಂದೆರಡು ಗಂಟೆಗೇ ಮುಗಿಯುತ್ತದೆ, ವೇಗವೂ ಕುಗ್ಗುತ್ತದೆ. ಸಾದಾ ಲ್ಯಾಪ್‌ಟಾಪಿನ ಚಾರ್ಜರು 65 ವ್ಯಾಟ್ ಇದ್ದರೆ ಇದರದು 150ರಿಂದ 240. ವಿದ್ಯುತ್ ಕೈಕೊಡುವ ಊರಿನಲ್ಲಿ ಇದನ್ನು ಮರೆಯಬಾರದು. ಇನ್ವರ್ಟರ್ ಇದ್ದರೆ ಸೈನ್‌ವೇವ್ ಬಗೆಯದ್ದು ಒಳ್ಳೆಯದು.

ರೋಣದ ಕಡೆ ಇದರ ದೊಡ್ಡ ವೈರಿ ಬಿಸಿಲು ಮತ್ತು ಎರೆಮಣ್ಣಿನ ಧೂಳು. ಫ್ಯಾನುಗಳು ಗಾಳಿಯೊಂದಿಗೆ ಧೂಳನ್ನೂ ಎಳೆದುಕೊಂಡು, ಜಾಲರಿ ಕಟ್ಟಿ, ಯಂತ್ರ ಕಾಯುತ್ತದೆ; ಕಾದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟು ಬಳಸಬಾರದು, ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಬಿಚ್ಚಿಸಿ ಒರೆಸಬೇಕು. ನಮ್ಮಲ್ಲಿ ಧೂಳು ಕಡಿಮೆ, ಆದರೆ ಮಳೆಗಾಲದ ತೇವ ಮತ್ತು ಸಿಡಿಲು. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಬೇಕು. ಜುಲೈ ತಿಂಗಳಲ್ಲಿ ವಾರಗಟ್ಟಲೆ ಮುಚ್ಚಿಟ್ಟು ಬೂಷ್ಟು ಹಿಡಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಒಂದು ತಾಸು ನಡೆಸುವುದು ಲೇಸು.

ಹಣದ ಮಾತು. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ಗದಗ. ಸಾಲ ಅಲ್ಲಿಯವರಿಗೆ ಹೊಸದಲ್ಲ. ಆದರೂ ಅಂಗಡಿಯ ಕಂತಿಗೆ ಸಹಿ ಹಾಕುವ ಮುನ್ನ ಬ್ಯಾಂಕಿಗೆ ಹೋಗಿ ಬನ್ನಿ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲದಲ್ಲಿ, ಓದಿಗೆ ಅಗತ್ಯವಿದ್ದರೆ, ಮಿತವಾದ ಬೆಲೆಯ ಕಂಪ್ಯೂಟರಿನ ಖರ್ಚನ್ನೂ ಸೇರಿಸಲು ಅವಕಾಶವಿದೆ. ಫೀ, ಹಾಸ್ಟೆಲಿನ ಜೊತೆಗೇ ಇದನ್ನೂ ಅರ್ಜಿಯಲ್ಲಿ ಕಾಣಿಸಬೇಕು. ಕಾಲೇಜು ಶುರುವಾಗಿ ಒಂದು ತಿಂಗಳು ಕಾದು, ಯಾವ ತಂತ್ರಾಂಶ ಕಲಿಸುತ್ತಾರೆ, ಪ್ರಯೋಗಾಲಯದ ಕಂಪ್ಯೂಟರು ಸಂಜೆಯ ಹೊತ್ತು ಸಿಗುವುದೇ ಎಂದು ಅಧ್ಯಾಪಕರನ್ನೇ ಕೇಳಿದ ಮೇಲೆ ಕೊಂಡರೂ ತಡವಾಗದು.