ಅಮಾಸಿ ರಾತ್ರಿಗೆ ಟಿಕೆಟ್ ಇಲ್ಲ

"ಅತ್ತೆ, ನಿಮ್ಮ ಹಟ್ಟಿಯಲ್ಲಿ ಲೈವ್ ಮ್ಯೂಸಿಕ್ ಎಲ್ಲಿರುತ್ತೆ?"

ಬೆಂಗಳೂರಿನಲ್ಲಿ ಓದುವ ನನ್ನ ಅಣ್ಣನ ಮಗಳು ರಜೆಗೆ ಬಂದಾಗ ಕೇಳಿದ್ದು ಇದು. ಮೊಬೈಲ್‌ನಲ್ಲಿ ಹುಡುಕಿ ನೋಡಿದ್ದಳಂತೆ, ಏನೂ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ನಮ್ಮೂರಲ್ಲಿ ಹಾಡುವವರು ಪೋಸ್ಟರ್ ಹಚ್ಚುವುದಿಲ್ಲ, ಟಿಕೆಟ್ ಮಾರುವುದಿಲ್ಲ. "ಗ್ವಾಡಿಮ್ಯಾಲಿನ ಕ್ಯಾಲೆಂಡರ್ ನೋಡವ್ವ, ಅಮಾಸಿ ಯಾವತ್ತೈತಿ?" ಅಂದೆ. ಮೂರೇ ದಿನ ಉಳಿದಿತ್ತು.

ಆ ರಾತ್ರಿ ಊಟ ಮುಗಿಸಿ ನಮ್ಮ ಓಣಿಯ ಗುಡಿಗೆ ಹೋದೆವು. ಒಂದು ಹಾರ್ಮೋನಿಯಂ, ಒಂದು ಡೋಲಕ್, ನಾಲ್ಕು ಜೋಡಿ ತಾಳ, ಮೂಲೆಯಲ್ಲಿ ಏಕತಾರಿ ಹಿಡಿದ ಒಬ್ಬ ಅಜ್ಜ. ಹಾರ್ಮೋನಿಯಂ ಮುಂದೆ ಕೂತವರನ್ನು ಊರೆಲ್ಲ ಕಾಕಾ ಅಂತಲೇ ಕರೆಯುವುದು. ಹಗಲಿಗೆ ಅವರು ಚಿನ್ನದ ಗಣಿ ಕಾರ್ಮಿಕರು. ಮೊದಲು ಗುರುವಿನ ಸ್ತುತಿ, ಆಮೇಲೆ ಒಂದರ ಹಿಂದೊಂದು ತತ್ವಪದ. ಕಾಕಾ ಒಂದು ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ತಿರುಗಿ ಹಿಡಿಯುತ್ತಾರೆ, ಮೂರನೆಯ ಸಲಕ್ಕೆ ಕೂತವರೂ ದನಿಗೂಡಿಸುತ್ತಾರೆ. ಕೇಳುವವರು ಯಾರು, ಹಾಡುವವರು ಯಾರು ಎಂಬ ಗೆರೆ ಎಲ್ಲಿ ಅಳಿಸಿತೋ ತಿಳಿಯುವುದಿಲ್ಲ. ನನ್ನ ಸೊಸೆ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಅವಳ ಕೈಗೆ ತಾಳ ಕೊಟ್ಟು, "ಇದನ್ನ ಹಿಡಿ, ಅದನ್ನ ಇಡು" ಅಂದಳು.

ಹಟ್ಟಿಯ ಭಜನಾ ಮೇಳಕ್ಕೆ ಒಂದು ವಿಶೇಷ ಕಷ್ಟವಿದೆ. ಗಣಿ ಮೂರು ಪಾಳಿಯಲ್ಲಿ ನಡೆಯುತ್ತದೆ. ಹೈದರಾಬಾದ್ ನಿಜಾಮರ ಕಾಲ ಮುಗಿಯುತ್ತಿದ್ದ 1947ರಲ್ಲಿ ಕಂಪನಿಯಾದ ಗಣಿ ಇದು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ನಮ್ಮದು ನಡೆದೇ ಇದೆ. ಅಮಾವಾಸ್ಯೆ ಇದೆಯೆಂದು ಪಾಳಿ ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಮೇಳದಲ್ಲಿ ಡೋಲಕ್ ಬಾರಿಸುವವರು ಇಬ್ಬರು. ಒಬ್ಬರು ಭೂಮಿಯೊಳಗೆ ಇಳಿದಿದ್ದರೆ ಇನ್ನೊಬ್ಬರು ಗುಡಿಯಲ್ಲಿ. ಇಬ್ಬರೂ ಒಟ್ಟಿಗೆ ಬಾರಿಸಿದ್ದನ್ನು ನಾನಂತೂ ಕೇಳಿಲ್ಲ.

ನಡುರಾತ್ರಿಯ ಮೇಲೆ ಚಾ, ಒಗ್ಗರಣಿ, ಮಿರ್ಚಿ ಬಂತು. ಆ ಬಿಡುವಿನಲ್ಲಿ ಹುಡುಗಿ ಕಾಕಾನ ಹತ್ತಿರ ಹೋಗಿ ಕೂತಳು. "ಎಲ್ಲಿ ಕಲಿತಿರಿ?" ಅಂದಳು. "ಕಲಿಯಾಕ ಎಲ್ಲಿಗೆ ಹೋಗ್ಲವ್ವ? ಪುರಾಣ ಹಚ್ಚಿದಲ್ಲಿ ಹೋಗಿ ಗವಾಯಿಗಳ ಬೆರಳು ನೋಡ್ಕೋತ ಕುಂತೆ" ಎಂದರು.

ಈ ಮಾತು ತಿಳಿಯಬೇಕಾದರೆ ಗದಗಿನ ಕಡೆ ಒಮ್ಮೆ ನೋಡಬೇಕು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಅಲ್ಲಿ ಕಲಿತವರು ಹಳ್ಳಿಹಳ್ಳಿಗೆ ಹೋದರು. ಶ್ರಾವಣ ಬಂತೆಂದರೆ ನಮ್ಮ ಕಡೆ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಕಥೆ ಹೇಳುತ್ತಾರೆ, ಗವಾಯಿಗಳು ಹಾಡುತ್ತಾರೆ, ಪಕ್ಕದಲ್ಲಿ ತಬಲಾ ಸಾಥ್. ದಿನಾ ಸಂಜೆ, ತಿಂಗಳುಗಟ್ಟಲೆ. ಕಾಸಿಲ್ಲದೆ ಹಿಂದೂಸ್ತಾನಿ ರಾಗ ಕಿವಿಗೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. ವಚನ ಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರೂ ನಮ್ಮ ರಾಯಚೂರು ಜಿಲ್ಲೆಯವರೇ. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು.

ಇನ್ನು ಮೊಹರಂ. ಅದು ಚಂದ್ರನ ಲೆಕ್ಕ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಲಿಂಗಸುಗೂರು ದಾಟಿ ಮುದಗಲ್‌ಗೆ ಹೋದರೆ ಜಾತಿ, ಧರ್ಮ ಕೇಳದೆ ಜನ ಸೇರಿರುತ್ತಾರೆ. ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹಲಗೆಯ ಪೆಟ್ಟಿಗೆ ಹೆಜ್ಜೆ ಮೇಳದವರು ಕುಣಿಯುತ್ತಾರೆ. ದಾಸರ ಪದ ಬೇಕೇ? ವಿಜಯದಾಸರು, ಜಗನ್ನಾಥದಾಸರು ಮಾನ್ವಿ ಸೀಮೆಯವರು, ಪ್ರಾಣೇಶದಾಸರು ಲಿಂಗಸುಗೂರಿನವರು. ಅವರ ಆರಾಧನೆಗಳಿಗೆ ಹೋಗಿ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳಿವೆ. ದುರ್ಗಾ ಪೂಜೆಯ ದಿನಗಳಲ್ಲಿ ಅತ್ತ ಹೋದರೆ ಬಂಗಾಳಿ ಹಾಡೂ ಕೇಳಬಹುದು. ಇಷ್ಟೆಲ್ಲ ಒಂದು ಬಸ್ಸಿನ ದೂರದಲ್ಲಿದೆ.

ಆದರೆ ಹಾಡುವವರಿಗೆ ನಾವು ಕೊಡುವ ಮರ್ಯಾದೆ? ಕಳೆದ ವರ್ಷ ಒಂದು ಸಮಾರಂಭಕ್ಕೆ ನಮ್ಮ ಮೇಳವನ್ನು ಕರೆದಿದ್ದರು. ಯಾರು ಕರೆದದ್ದು ಅಂತ ಹೇಳುವುದಿಲ್ಲ. ಏಳು ಗಂಟೆಗೆ ಬನ್ನಿ ಅಂದವರು ಹತ್ತೂವರೆಯವರೆಗೆ ವೇದಿಕೆಯ ಪಕ್ಕ ನಿಲ್ಲಿಸಿದರು. ಭಾಷಣ, ಶಾಲು, ಹಾರ, ಫೋಟೊ. ನಾನು ಎಣಿಸಿದೆ, ಹದಿನಾಲ್ಕು ಶಾಲು. ಅದರಲ್ಲಿ ಒಂದೂ ಹಾಡುವವರ ಹೆಗಲಿಗೆ ಬೀಳಲಿಲ್ಲ. ಕೊನೆಗೆ "ಒಂದೇ ಪದ ಹಾಡಿ ಮುಗಿಸ್ರಿ, ಡಿಜೆ ಐತಿ" ಎಂದರು. ಕಾಕಾ ಒಂದೇ ಪದ ಹಾಡಿ, ಹಾರ್ಮೋನಿಯಂ ಪೆಟ್ಟಿಗೆ ಹೊತ್ತುಕೊಂಡು ನಡೆದೇ ಮನೆಗೆ ಬಂದರು. ಬೆಳಿಗ್ಗೆ ಅವರಿಗೆ ಮೊದಲ ಪಾಳಿ ಇತ್ತು. ನನಗೆ ಬಂದ ಸಿಟ್ಟು ಅವರಿಗೆ ಬರಲಿಲ್ಲ, ಅದೇ ನನಗೆ ಇನ್ನೂ ಬೇಜಾರು.

ಈಗ ಕಾಕಾ ನಿವೃತ್ತಿಯಾಗುತ್ತಾರೆ. ನಿವೃತ್ತಿಯಾದ ಮೇಲೆ ಕಂಪನಿ ಕ್ವಾರ್ಟರ್ಸ್ ಬಿಡಬೇಕು, ಮಸ್ಕಿ ಹತ್ತಿರದ ತಮ್ಮ ಊರಿಗೆ ಹೋಗುತ್ತಾರಂತೆ. ಸುಮಾರು ಇನ್ನೂರು ಪದ ಅವರ ಬಾಯಲ್ಲಿವೆ, ಬರೆದಿಟ್ಟ ನೋಟುಬುಕ್ ಒಂದೇ, ಅದೂ ಅರ್ಧ. ಯಾವ ಪದ ಕರಿ ಎರಡಕ್ಕೆ, ಯಾವುದು ಬಿಳಿ ಒಂದಕ್ಕೆ, ಎಲ್ಲಿ ತಾಳ ತಡೆದು ಹಿಡಿಯಬೇಕು ಎಂಬುದು ಆ ನೋಟುಬುಕ್ಕಿನಲ್ಲಿಲ್ಲ.

ಹೋದ ತಿಂಗಳು ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಪಟ್ಟಿ ಹಾಕಿದೆವು. ಗುಡಿಯಲ್ಲಿ ಹಾಳುಬಿದ್ದಿದ್ದ ಹಳೇ ಹಾರ್ಮೋನಿಯಂನ ತಿದಿ ಹರಿದಿತ್ತು, ಅದನ್ನು ರಿಪೇರಿ ಮಾಡಿಸಿದೆವು. ಹತ್ತನೇ ಕ್ಲಾಸಿನ ಹುಡುಗನೊಬ್ಬ ಸಂಜೆ ಹೊತ್ತು ಕಾಕಾನ ಎದುರು ಕೂರುತ್ತಿದ್ದಾನೆ. ಅವನ ಅವ್ವನಿಗೆ ಪರೀಕ್ಷೆಯ ಚಿಂತೆ. "ವಾರಕ್ಕ ಎರಡ ದಿನ ಅಷ್ಟ ಬಿಡ್ರಿ ಯಕ್ಕಾ" ಅಂತ ನಾನೇ ಹೋಗಿ ಕೇಳಿಕೊಂಡು ಬಂದಿದ್ದೇನೆ.

ಬೆಂಗಳೂರಿಗೆ ವಾಪಸಾದ ನನ್ನ ಸೊಸೆ ಮೊನ್ನೆ ಫೋನ್ ಮಾಡಿದ್ದಳು. ಮೊದಲು ಕೇಳಿದ್ದು, "ಅತ್ತೆ, ಮುಂದಿನ ಅಮಾಸಿ ಭಾನುವಾರ ಬರುತ್ತಾ?"